ಮಂಗಳೂರಿನಿಂದ ದುಬೈಗೆ ಎಷ್ಟು ದೂರ, ಎಷ್ಟು ಹೊತ್ತು? ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರು, ಉಡುಪಿ, ಕಾರ್ಕಳ, ಪುತ್ತೂರು ಕಡೆಯಿಂದ ದುಬೈಗೆ ಹೊರಡುವವರಿಗೂ ಅವರನ್ನು ಬಿಟ್ಟುಬರಲು, ಕರೆತರಲು ಹೋಗುವ ಮನೆಯವರಿಗೂ ಈ ಪುಟ. ಟಿಕೆಟ್ ದರವನ್ನಾಗಲಿ ವಿಮಾನ ಹೊರಡುವ ವೇಳೆಯನ್ನಾಗಲಿ ಇಲ್ಲಿ ಹಾಕಿಲ್ಲ. ದರ ದಿನದಿನವೂ ಬದಲಾಗುತ್ತದೆ. ವೇಳಾಪಟ್ಟಿ ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ, ಹೀಗೆ ವರ್ಷಕ್ಕೆ ಎರಡು ಸಲ ಹೊಸದಾಗುತ್ತದೆ. ಕೆಳಗೆ ಉದಾಹರಣೆಗೆ ಕೊಟ್ಟ ವೇಳೆಗಳು ಲೆಕ್ಕ ತೋರಿಸುವುದಕ್ಕೆ ಮಾತ್ರ.

ಮಂಗಳೂರಿನಿಂದ ದುಬೈಗೆ ಎಷ್ಟು ಕಿಲೋಮೀಟರ್?

ಬಜಪೆಯ ಮಂಗಳೂರು ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಿಂದ ದುಬೈ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಭೂಮಿಯ ಮೇಲಿನ ಅತಿ ಹತ್ತಿರದ ಗೆರೆ ಹಿಡಿದರೆ ಸುಮಾರು 2,460 ಕಿ.ಮೀ. ಮೈಲಿಯಲ್ಲಿ ಹೇಳುವುದಾದರೆ 1,530ರ ಆಸುಪಾಸು. ಪೈಲಟ್‌ಗಳು ಬಳಸುವ ನಾಟಿಕಲ್ ಮೈಲಿಯಲ್ಲಿ 1,330ರ ಹತ್ತಿರ. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ.

ಒಂದೊಂದು ವೆಬ್‌ಸೈಟ್ ಒಂದೊಂದು ದೂರ ತೋರಿಸುತ್ತದಲ್ಲ?

ಕೆಲವರು ಮಂಗಳೂರು ಪೇಟೆಯ ಹಂಪನಕಟ್ಟೆಯಿಂದ ದುಬೈ ನಗರದ ಮಧ್ಯಕ್ಕೆ ಅಳೆಯುತ್ತಾರೆ, ಕೆಲವರು ನಿಲ್ದಾಣದಿಂದ ನಿಲ್ದಾಣಕ್ಕೆ. ಅಲ್ಲೇ ಹತ್ತಿಪ್ಪತ್ತು ಕಿ.ಮೀ. ಹೆಚ್ಚುಕಮ್ಮಿಯಾಗುತ್ತದೆ. ಮೈಲಿ ಮತ್ತು ನಾಟಿಕಲ್ ಮೈಲಿಯನ್ನು ಕಲಸಿಬಿಡುವ ಸೈಟ್‌ಗಳೂ ಇವೆ. 1,330 ಮೈಲಿ ಎಂದು ಓದಿ ಅದನ್ನು 1.6ರಿಂದ ಗುಣಿಸಿದರೆ 300 ಕಿ.ಮೀ. ಕಳೆದುಹೋಗುತ್ತದೆ.

ವಿಮಾನ ನಿಜವಾಗಿ ಹಾರುವ ದೂರ ಇವೆಲ್ಲಕ್ಕಿಂತ ಹೆಚ್ಚು. ಅದು ಗೊತ್ತುಮಾಡಿದ ವಾಯುಮಾರ್ಗದಲ್ಲೇ ಸಾಗಬೇಕು. ಗಾಳಿಗೆ ತಕ್ಕ ದಿಕ್ಕಿನಲ್ಲಿ ಏರಬೇಕು, ದುಬೈಯಲ್ಲಿ ಇಳಿಯುವ ಸಾಲಿಗೆ ಬಂದು ಸೇರಬೇಕು. ಹೀಗಾಗಿ 2,500ರಿಂದ 2,600 ಕಿ.ಮೀ. ಹಾರಿತು ಎಂದುಕೊಂಡರೆ ಸರಿಹೋಗುತ್ತದೆ. ಪ್ರಯಾಣಿಕರಿಗೆ ಈ ಸಂಖ್ಯೆಯಿಂದ ಆಗಬೇಕಾದ್ದು ಕಡಿಮೆ, ಬೇಕಾಗಿರುವುದು ಗಡಿಯಾರದ ಲೆಕ್ಕ.

ಹಾಗಾದರೆ ನೇರ ವಿಮಾನಕ್ಕೆ ಎಷ್ಟು ಹೊತ್ತು ಬೇಕು?

ಹೋಗುವಾಗ ಸುಮಾರು 3 ಗಂಟೆ 45 ನಿಮಿಷ, ಬರುವಾಗ ಸುಮಾರು 3 ಗಂಟೆ 20 ನಿಮಿಷ. ಹತ್ತಿಪ್ಪತ್ತು ನಿಮಿಷ ಆಚೀಚೆ ಆಗುವುದು ಸಾಮಾನ್ಯ.

ಈ ದಾರಿಯಲ್ಲಿ ಓಡುವುದು ಬೋಯಿಂಗ್ 737 ಅಳತೆಯ, ಮಧ್ಯದಲ್ಲಿ ಒಂದೇ ಓಡಾಟದ ಹಾದಿ ಇರುವ ವಿಮಾನ. ಮೇಲೆ ಹೋಗಿ ನಿಂತ ಮೇಲೆ ಅದರ ವೇಗ ಗಂಟೆಗೆ 830ರಿಂದ 840 ಕಿ.ಮೀ. ಗಾಳಿಯೇ ಇಲ್ಲದಿದ್ದರೆ 2,460 ಕಿ.ಮೀ.ಗೆ ಮೂರು ಗಂಟೆಗಿಂತ ಸ್ವಲ್ಪ ಕಡಿಮೆ ಸಾಕು. ಎದುರುಗಾಳಿ ಗಂಟೆಗೆ 60 ಕಿ.ಮೀ. ಇದ್ದರೆ 3 ಗಂಟೆ 10 ನಿಮಿಷವಾಗುತ್ತದೆ, ಅಷ್ಟೇ ಗಾಳಿ ಹಿಂದಿನಿಂದ ತಳ್ಳಿದರೆ 2 ಗಂಟೆ 45 ನಿಮಿಷ. ಇದರ ಮೇಲೆ ನಿಂತ ಜಾಗದಿಂದ ರನ್‌ವೇ ತನಕ ಉರುಳುವುದು, ನಿಧಾನವಾಗಿ ಏರುವುದು, ಇಳಿಯುವ ಸರದಿಗೆ ಕಾಯುವುದು, ಇಳಿದ ಮೇಲೆ ನಿಲುಗಡೆಗೆ ಹೋಗುವುದು ಎಲ್ಲ ಸೇರಿ ಅರ್ಧ ಗಂಟೆ.

ಟಿಕೆಟ್‌ನಲ್ಲಿ ಹೊರಡುವ ವೇಳೆ ಎಂದಿರುವುದು ವಿಮಾನ ನೆಲ ಬಿಡುವ ವೇಳೆಯಲ್ಲ, ನಿಂತ ಜಾಗ ಬಿಡುವ ವೇಳೆ. ತಲುಪುವ ವೇಳೆ ಎಂದರೂ ಚಕ್ರ ನೆಲ ಮುಟ್ಟುವುದಲ್ಲ, ನಿಲುಗಡೆಗೆ ಬಂದು ನಿಲ್ಲುವುದು. ದುಬೈ ಬಹಳ ದಟ್ಟಣೆಯ ನಿಲ್ದಾಣ. ಅಲ್ಲಿ ಉರುಳಾಟಕ್ಕೇ 15 ನಿಮಿಷ ಹೋಗುವುದುಂಟು. ಬಜಪೆಯಲ್ಲಿ ಐದಾರು ನಿಮಿಷದಲ್ಲಿ ಮುಗಿಯುತ್ತದೆ.

ಟಿಕೆಟ್‌ನಲ್ಲಿ ರಾತ್ರಿ 11ಕ್ಕೆ ಹೊರಟು 1.15ಕ್ಕೆ ತಲುಪುತ್ತದೆ ಎಂದಿದೆ. ಎರಡೂಕಾಲು ಗಂಟೆಯಲ್ಲಿ ಹೋಗುತ್ತದೆಯೇ?

ಇಲ್ಲ. ಎರಡೂ ವೇಳೆ ಆಯಾ ಊರಿನವು. ಭಾರತದ ಗಡಿಯಾರ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದೆ, ದುಬೈಯದ್ದು ನಾಲ್ಕು ಗಂಟೆ ಮುಂದೆ. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿ ಬೇಸಗೆಗೊಂದು ಚಳಿಗಾಲಕ್ಕೊಂದು ಎಂದು ಗಡಿಯಾರ ತಿರುಗಿಸುವ ಪದ್ಧತಿ ಇಲ್ಲ, ಹಾಗಾಗಿ ವರ್ಷವಿಡೀ ಇದೇ ವ್ಯತ್ಯಾಸ.

ಹೋಗುವಾಗ: ತಲುಪುವ ವೇಳೆಯಿಂದ ಹೊರಡುವ ವೇಳೆ ಕಳೆದು, ಒಂದೂವರೆ ಗಂಟೆ ಸೇರಿಸಿ. 2.15 ಮತ್ತು 1.30 ಕೂಡಿದರೆ 3 ಗಂಟೆ 45 ನಿಮಿಷ.
ಬರುವಾಗ: ಕಳೆದು ಬಂದದ್ದರಲ್ಲಿ ಒಂದೂವರೆ ಗಂಟೆ ತೆಗೆಯಿರಿ. ಸಂಜೆ 6ಕ್ಕೆ ಹೊರಟು ರಾತ್ರಿ 10.50ಕ್ಕೆ ತಲುಪಿದರೆ ಕಾಗದದಲ್ಲಿ 4 ಗಂಟೆ 50 ನಿಮಿಷ, ನಿಜದಲ್ಲಿ 3 ಗಂಟೆ 20.

ಗಡಿಯಾರದ ವ್ಯತ್ಯಾಸ ನೆನಪಿಲ್ಲದಿದ್ದರೂ ಒಂದು ಸುಲಭ ದಾರಿ ಇದೆ. ಹೋಗುವ ಟಿಕೆಟ್‌ನ 2.15ನ್ನೂ ಬರುವ ಟಿಕೆಟ್‌ನ 4.50ನ್ನೂ ಕೂಡಿಸಿ ಅರ್ಧ ಮಾಡಿ. ಬರುವುದು 3 ಗಂಟೆ 32 ನಿಮಿಷ, ಅದೇ ಸರಾಸರಿ ಹಾರಾಟದ ಸಮಯ. ಒಂದು ಕಡೆ ಕೂಡಿದ ಒಂದೂವರೆ ಗಂಟೆ ಇನ್ನೊಂದು ಕಡೆ ತಾನಾಗಿ ಹೊಡೆದುಹೋಗುತ್ತದೆ. ಲಂಡನ್ನಿಗೋ ಟೊರೊಂಟೊಗೋ ಹೋಗುವವರೂ ಇದೇ ಲೆಕ್ಕ ಹಾಕಬಹುದು, ನೇರ ವಿಮಾನ ಇದ್ದರೆ ಮಾತ್ರ.

ದೂರ ಒಂದೇ ಆದರೂ ಹೋಗುವಾಗ ಯಾಕೆ ಹೆಚ್ಚು ಹೊತ್ತು?

ಗಾಳಿಯಿಂದ. ಮಂಗಳೂರಿನಿಂದ ದುಬೈ ಇರುವುದು ವಾಯುವ್ಯಕ್ಕೆ. ಚಳಿಗಾಲದಲ್ಲಿ ಉತ್ತರ ಅರಬ್ಬಿ ಸಮುದ್ರದ ಮೇಲೆ, 10–12 ಕಿ.ಮೀ. ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುತ್ತದೆ. ಹೋಗುವ ವಿಮಾನಕ್ಕೆ ಅದು ಎದುರು, ಬರುವ ವಿಮಾನಕ್ಕೆ ಬೆನ್ನಿಗೆ. ಡಿಸೆಂಬರಿನಿಂದ ಮಾರ್ಚ್ ತನಕ ಈ ವ್ಯತ್ಯಾಸ ಎದ್ದು ಕಾಣುತ್ತದೆ.

ಮುಂಗಾರಿನಲ್ಲಿ ಚಿತ್ರ ಬೇರೆ. ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಕೆಳಗೆ ನಮ್ಮ ಮೇಲೆ ಬೀಸುವುದು ಪಡುಗಾಳಿಯೇ. ಆದರೆ ದಕ್ಷಿಣ ಭಾರತದ ಮೇಲೆ ಬಹಳ ಎತ್ತರದಲ್ಲಿ ಗಾಳಿ ಪೂರ್ವದಿಂದ ಪಶ್ಚಿಮಕ್ಕೆ ಹರಿಯುತ್ತಿರುತ್ತದೆ. ಆಗ ದಾರಿಯ ಮೊದಲ ಭಾಗದಲ್ಲಿ ಹೋಗುವ ವಿಮಾನಕ್ಕೇ ಅದು ಅನುಕೂಲ, ಎರಡೂ ಕಡೆಯ ಸಮಯ ಹತ್ತಿರ ಹತ್ತಿರ ಬರುತ್ತದೆ. ಭೂಮಿ ತಿರುಗುವುದರಿಂದ ಹೀಗಾಗುತ್ತದೆ ಎಂದು ಹೇಳುವವರಿದ್ದಾರೆ. ಭೂಮಿಯ ಜೊತೆ ಗಾಳಿಯೂ ವಿಮಾನವೂ ತಿರುಗುತ್ತಿರುವುದರಿಂದ ಆ ವಾದ ನಿಲ್ಲುವುದಿಲ್ಲ.

ಉಡುಪಿಯ ಮನೆಯಿಂದ ದುಬೈಯ ರೂಮಿನ ತನಕ ಒಟ್ಟು ಎಷ್ಟು ಹೊತ್ತು?

ಹತ್ತು ಗಂಟೆಗಿಂತ ಕಡಿಮೆ ಎಂದುಕೊಳ್ಳಬೇಡಿ. ರಾತ್ರಿ 11ರ ವಿಮಾನವನ್ನೇ ತೆಗೆದುಕೊಳ್ಳೋಣ. ಎಲ್ಲವೂ ಭಾರತದ ಗಡಿಯಾರದಲ್ಲಿ:

ಸಂಜೆ 5.45ಕ್ಕೆ ಉಡುಪಿ ಬಿಟ್ಟರೆ 7.30ರಿಂದ 8ರ ಒಳಗೆ ಬಜಪೆ. ಅಂತರರಾಷ್ಟ್ರೀಯ ಪ್ರಯಾಣಕ್ಕೆ ಮೂರು ಗಂಟೆ ಮೊದಲು ಬನ್ನಿ ಎನ್ನುವುದು ಸುಮ್ಮನೆ ಅಲ್ಲ. ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ ಹೊರಡುವ 60 ನಿಮಿಷ ಮೊದಲು ಮುಚ್ಚುತ್ತದೆ. ಮುಚ್ಚಿದ ಮೇಲೆ ವಿಮಾನ ಕಣ್ಣೆದುರು ನಿಂತಿದ್ದರೂ ಬ್ಯಾಗ್ ತೆಗೆದುಕೊಳ್ಳುವುದಿಲ್ಲ. ಚೆಕ್-ಇನ್, ಇಮಿಗ್ರೇಷನ್, ಭದ್ರತಾ ತಪಾಸಣೆ ಮೂರಕ್ಕೂ ಒಂದೇ ಹೊತ್ತಿಗೆ ನೂರೆಂಬತ್ತು ಜನ ಸಾಲು ನಿಂತಿರುತ್ತಾರೆ, ಪಕ್ಕದಲ್ಲೇ ಇನ್ನೊಂದು ಗಲ್ಫ್ ವಿಮಾನವಿದ್ದರೆ ಅದರ ಎರಡರಷ್ಟು. 2.45ಕ್ಕೆ ವಿಮಾನ ದುಬೈಯಲ್ಲಿ ನಿಲ್ಲುತ್ತದೆ, ಅಲ್ಲಿನ ಗಡಿಯಾರದಲ್ಲಿ 1.15. ಇಮಿಗ್ರೇಷನ್, ಬ್ಯಾಗ್‌ಗೆ ಒಂದು ಗಂಟೆ. ದೇರಾದಂಥ ಹತ್ತಿರದ ಜಾಗಕ್ಕೆ ಟ್ಯಾಕ್ಸಿಯಲ್ಲಿ ಅರ್ಧ ಗಂಟೆ. ಭಾರತದ ವೇಳೆ ಬೆಳಗಿನ ಜಾವ 4.15. ಒಟ್ಟು ಹತ್ತೂವರೆ ಗಂಟೆ, ಅದರಲ್ಲಿ ಆಕಾಶದಲ್ಲಿದ್ದದ್ದು ಮೂರು ಚಿಲ್ಲರೆ.

ಬಜಪೆಗೆ ಯಾವ ದಾರಿ ಒಳ್ಳೆಯದು?

ಉಡುಪಿಯಿಂದ ನಿಲ್ದಾಣಕ್ಕೆ 55–60 ಕಿ.ಮೀ. ದಾರಿ ಎರಡು.

ಮೊದಲನೆಯದು ರಾಷ್ಟ್ರೀಯ ಹೆದ್ದಾರಿ 66: ಕಟಪಾಡಿ, ಕಾಪು, ಪಡುಬಿದ್ರಿ, ಹೆಜಮಾಡಿ ಟೋಲ್, ಮೂಲ್ಕಿ, ಸುರತ್ಕಲ್, ಕೂಳೂರು, ಅಲ್ಲಿಂದ ಎಡಕ್ಕೆ ಕಾವೂರು, ಮರವೂರು ಸೇತುವೆ ದಾಟಿ ನಿಲ್ದಾಣವಿರುವ ಕೆಂಜಾರು. ರಸ್ತೆ ಅಗಲ. ಆದರೆ ಸುರತ್ಕಲ್‌ನಿಂದ ಕೂಳೂರಿನ ತನಕ ಬಂದರಿನ ಲಾರಿ, ಟ್ಯಾಂಕರ್‌ಗಳ ನಡುವೆ ಸಿಕ್ಕಿಕೊಳ್ಳುವ ಸಂಭವವಿದೆ. ಸಂಜೆ 5ರಿಂದ 8 ಅದಕ್ಕೆ ಹೆಸರಾದ ಹೊತ್ತು.

ಎರಡನೆಯದು ಮೂಲ್ಕಿಯಲ್ಲಿ ಹೆದ್ದಾರಿ ಬಿಟ್ಟು ಕಿನ್ನಿಗೋಳಿ, ಕಟೀಲು, ಬಜಪೆ. ತಿರುವುಗಳು ಹೆಚ್ಚು, ರಸ್ತೆ ಕಿರಿದು, ಮಳೆಗಾಲದ ರಾತ್ರಿ ಹೊಸಬರಿಗೆ ಕಷ್ಟ. ಆದರೂ ಲಾರಿಗಳ ತಾಪತ್ರಯ ಇಲ್ಲ. ಕಟೀಲಿನಲ್ಲಿ ಜಾತ್ರೆಯೋ ದೊಡ್ಡ ಮದುವೆಗಳೋ ಇರುವ ದಿನ ಮಾತ್ರ ಈ ದಾರಿ ಬೇಡ.

ಕಾರ್ಕಳ, ಮೂಡುಬಿದಿರೆ ಕಡೆಯವರು ಗುರುಪುರ ಕೈಕಂಬದ ಮೂಲಕ ಬಂದರೆ ಮಂಗಳೂರು ಪೇಟೆಗೆ ಇಳಿಯುವ ಕೆಲಸವೇ ಇಲ್ಲ. ಪುತ್ತೂರು, ಬಂಟ್ವಾಳದವರಿಗೆ ಬಿ.ಸಿ. ರೋಡಿನಿಂದ ಪೊಳಲಿ ಮೇಲೆ ಕೈಕಂಬಕ್ಕೆ ಬರುವ ದಾರಿಯಿದೆ. ಮಂಗಳೂರು ಪೇಟೆಯಿಂದಾದರೆ 13 ಕಿ.ಮೀ.ಯಷ್ಟೆ, ಆದರೂ ಮುಕ್ಕಾಲು ಗಂಟೆ ಕೈಯಲ್ಲಿರಲಿ.

ನಡುರಾತ್ರಿಯ ಟಿಕೆಟ್‌ಗೆ ಯಾವ ದಿನ ಹೊರಡಬೇಕು?

ವಿಮಾನ ತಪ್ಪಿಸಿಕೊಳ್ಳುವವರಲ್ಲಿ ಬಹಳ ಮಂದಿ ಇಲ್ಲೇ ಎಡವುತ್ತಾರೆ. 15ನೇ ತಾರೀಕು 00.20 ಎಂದರೆ 14ರ ರಾತ್ರಿ ಹನ್ನೆರಡು ಹೊಡೆದ ಇಪ್ಪತ್ತು ನಿಮಿಷಕ್ಕೆ. ಮನೆ ಬಿಡಬೇಕಾದದ್ದು 14ರ ಸಂಜೆ. 15ರ ರಾತ್ರಿ ಬಂದರೆ ವಿಮಾನ ಹೋಗಿ ಹತ್ತಿರ ಹತ್ತಿರ ಒಂದು ದಿನ. ಟಿಕೆಟ್ ಕೈಗೆ ಬಂದ ಕೂಡಲೇ ಕ್ಯಾಲೆಂಡರಿನಲ್ಲಿ ವಿಮಾನದ ವೇಳೆ ಗುರುತು ಹಾಕಬೇಡಿ, ಮನೆ ಬಿಡುವ ವೇಳೆ ಗುರುತು ಹಾಕಿ.

ಹಾಗೆಯೇ 14ರ ರಾತ್ರಿ 11ಕ್ಕೆ ಹೊರಟವರು ಅಲ್ಲಿಗೆ ತಲುಪುವುದು 15ಕ್ಕೆ. ಹೋಟೆಲ್ ಬುಕ್ ಮಾಡುವಾಗ 15 ಎಂದು ಹಾಕಿದರೆ ಮಧ್ಯಾಹ್ನದ ತನಕ ಕೋಣೆ ಸಿಗುವುದಿಲ್ಲ, 14 ಎಂದೇ ಹಾಕಬೇಕು. ತಡರಾತ್ರಿ ಬರುತ್ತೇವೆಂದು ಹೋಟೆಲ್‌ಗೆ ತಿಳಿಸದಿದ್ದರೆ, ಬರಲಿಲ್ಲವೆಂದು ಕೋಣೆ ರದ್ದು ಮಾಡಿಬಿಡುತ್ತಾರೆ.

ಮುಂಬಯಿ ಅಥವಾ ಬೆಂಗಳೂರಿನ ಮೂಲಕ ಹೋದರೆ ಎಷ್ಟು ಹೆಚ್ಚಾಗುತ್ತದೆ?

ದೂರದಲ್ಲಿ ಮುಂಬಯಿ ಅಷ್ಟೇನೂ ಸುತ್ತಲ್ಲ. ಮಂಗಳೂರು–ಮುಂಬಯಿ ಸುಮಾರು 715 ಕಿ.ಮೀ., ಮುಂಬಯಿ–ದುಬೈ ಸುಮಾರು 1,925. ಒಟ್ಟು 2,640, ನೇರ ದಾರಿಗಿಂತ 180 ಕಿ.ಮೀ. ಮಾತ್ರ ಹೆಚ್ಚು. ಬೆಂಗಳೂರಾದರೆ ಮೊದಲು 300 ಕಿ.ಮೀ. ಹಿಂದಕ್ಕೆ, ಪೂರ್ವಕ್ಕೆ ಹೋಗಿ, ಮತ್ತೆ 2,695 ಕಿ.ಮೀ. ಬರಬೇಕು. ಒಟ್ಟು 3,000.

ಸಮಯದ ಮಾತು ಬಂದಾಗ ಎರಡೂ ಒಂದೇ. ಮಧ್ಯದ ಕಾಯುವಿಕೆ ಸೇರಿ ಏಳರಿಂದ ಹನ್ನೆರಡು ಗಂಟೆ, ಹಾರಾಟಕ್ಕಿಂತ ಕುರ್ಚಿಯಲ್ಲಿ ಕೂರುವುದೇ ಜಾಸ್ತಿ. ಎರಡೂ ಹಾರಾಟ ಒಂದೇ ಬುಕಿಂಗ್‌ನಲ್ಲಿ, ಅಂದರೆ ಒಂದೇ ಪಿಎನ್‌ಆರ್‌ನಲ್ಲಿದ್ದರೆ ಬ್ಯಾಗ್ ಸಾಮಾನ್ಯವಾಗಿ ಮಂಗಳೂರಿನಲ್ಲೇ ದುಬೈಗೆ ಟ್ಯಾಗ್ ಆಗುತ್ತದೆ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ವಿಮಾನ ಕಂಪನಿಯೇ ಬೇರೆ ವ್ಯವಸ್ಥೆ ಮಾಡಬೇಕು. ಅಗ್ಗವೆಂದು ಎರಡು ಬೇರೆ ಬೇರೆ ಟಿಕೆಟ್ ಮಾಡಿದರೆ ಮುಂಬಯಿಯಲ್ಲಿ ಬ್ಯಾಗ್ ಬಿಡಿಸಿಕೊಂಡು, ಬೇಕಾದರೆ ಟರ್ಮಿನಲ್ ಬದಲಿಸಿ, ಮತ್ತೆ ಚೆಕ್-ಇನ್ ಮಾಡಬೇಕು. ಮೊದಲನೆಯದು ತಡವಾದರೆ ಎರಡನೆಯ ಟಿಕೆಟ್‌ನ ಹಣ ಹೋದಂತೆಯೇ. ಹೀಗೆ ಮಾಡುವುದಿದ್ದರೆ ನಡುವೆ ಐದು ಗಂಟೆ ಇಟ್ಟುಕೊಳ್ಳಿ, ಮಳೆಗಾಲದಲ್ಲಿ ಅದೂ ಸಾಲದು. ಎರಡು ಸಾವಿರ ರೂಪಾಯಿ ಉಳಿಸಲು ಈ ತಲೆನೋವು ಬೇಡ ಎಂಬುದು ನಮ್ಮ ಅಭಿಪ್ರಾಯ.

ಅಬುಧಾಬಿಗೆ ಹೋಗಿ ದುಬೈ ಸೇರಬಹುದೇ? ಕಣ್ಣೂರಿನಿಂದ ಹೋದರೆ?

ಅಬುಧಾಬಿ ನಿಲ್ದಾಣ ಮಂಗಳೂರಿನಿಂದ ಸುಮಾರು 2,480 ಕಿ.ಮೀ. ದುಬೈಗಿಂತ ಬರೇ 20 ಕಿ.ಮೀ. ದೂರ, ಹಾರಾಟದ ಸಮಯವೂ ಅಷ್ಟೇ. ಇಳಿದ ಮೇಲೆ ದುಬೈಗೆ ರಸ್ತೆಯಲ್ಲಿ ಒಂದೂಕಾಲರಿಂದ ಒಂದೂವರೆ ಗಂಟೆ. ದುಬೈಯ ದಕ್ಷಿಣ ತುದಿಯಲ್ಲಿ, ಜೆಬೆಲ್ ಅಲಿ ಕಡೆ ಇರುವವರಿಗೆ ಇದು ನಿಜಕ್ಕೂ ಒಳ್ಳೆಯ ಆಯ್ಕೆ. ಶಾರ್ಜಾದ ಗಡಿಯಲ್ಲಿರುವವರಿಗೆ ಅಲ್ಲ.

ಕಣ್ಣೂರು ವಿಮಾನ ನಿಲ್ದಾಣ ಮಂಗಳೂರಿನಿಂದ ಸುಮಾರು 150 ಕಿ.ಮೀ. ಕಾಸರಗೋಡಿನ ದಕ್ಷಿಣದವರಿಗೆ ಸರಿ. ಉಡುಪಿಯವರಿಗೆ ನಾಲ್ಕೈದು ಗಂಟೆಯ ರಸ್ತೆ.

ಟೇಬಲ್‌ಟಾಪ್ ರನ್‌ವೇ ಎಂದರೆ ಹೆದರಬೇಕೇ?

ಬಜಪೆಯ ರನ್‌ವೇ ಗುಡ್ಡದ ನೆತ್ತಿಯನ್ನು ಸಪಾಟು ಮಾಡಿ ಕಟ್ಟಿದ್ದು, ತುದಿ ದಾಟಿದರೆ ಇಳಿಜಾರು. ಉದ್ದ 2,450 ಮೀಟರ್. ದುಬೈಯ ಎರಡೂ ರನ್‌ವೇಗಳು 4 ಕಿ.ಮೀ. ಮೀರಿದವು. 737ಗೆ 2,450 ಮೀಟರ್ ಸಾಕು. ಆದರೆ ದೊಡ್ಡ ನಿಲ್ದಾಣಗಳಲ್ಲಿರುವ ಧಾರಾಳ ಅಂತರ ಇಲ್ಲಿಲ್ಲ, ಸರಿಯಾದ ಜಾಗದಲ್ಲಿ ಚಕ್ರ ಊರಲೇಬೇಕು. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿದ್ದು 158 ಮಂದಿ ತೀರಿಕೊಂಡರು, ಎಂಟು ಮಂದಿ ಬದುಕುಳಿದರು. ಅಂದು ಬಹಳ ಮುಂದೆ ಹೋಗಿ ನೆಲ ಮುಟ್ಟಿತ್ತು.

ಇಲ್ಲಿ ವಿಮಾನ ಇಳಿಸುವ ಕೆಲಸ ಸಹ ಪೈಲಟ್‌ಗೆ ಬಿಡುವುದಿಲ್ಲ, ಕ್ಯಾಪ್ಟನ್ನೇ ಮಾಡಬೇಕು. ಸರಿಯಾಗಿ ಕೂಡಿಬರದಿದ್ದರೆ ಮತ್ತೆ ಮೇಲಕ್ಕೆತ್ತಿ ಒಂದು ಸುತ್ತು ಹಾಕಿ ಬರುತ್ತಾರೆ. ನೆಲ ಹತ್ತಿರ ಬಂದಾಗ ಎಂಜಿನ್ ಒಮ್ಮೆಲೇ ಗರ್ಜಿಸಿ ವಿಮಾನ ಏರಿದರೆ ಗಾಬರಿ ಬೇಡ, ಅದು ನಿಯಮದಂತೆ ನಡೆಯುವ ಕ್ರಮ. ಹಾಗಾದಾಗ 10–15 ನಿಮಿಷ ಹೆಚ್ಚಾಗುತ್ತದೆ. ಇಳಿದ ಮೇಲೆ ಬ್ರೇಕ್ ಜೋರಾಗಿ ಬಿದ್ದು ಮೈ ಮುಂದಕ್ಕೆ ಎಳೆದಂತಾಗುವುದೂ ಇಲ್ಲಿ ಮಾಮೂಲು.

ಮಳೆಗಾಲದಲ್ಲಿ ವಿಮಾನ ಬೇರೆ ಊರಿಗೆ ಹೋಗುತ್ತದಂತೆ, ಹೌದೇ?

ಹೋಗುವುದುಂಟು. ಜೂನ್, ಜುಲೈ, ಆಗಸ್ಟ್‌ನಲ್ಲಿ ಮೋಡ ಗುಡ್ಡದ ಮೇಲೆಯೇ ಕೂತುಬಿಡುತ್ತದೆ. ಪೇಟೆಯಲ್ಲಿ ಮಳೆ ಬಿಟ್ಟಿದ್ದರೂ ಬಜಪೆಯಲ್ಲಿ ರನ್‌ವೇ ಕಾಣದಿರಬಹುದು. ಸ್ವಲ್ಪ ಹೊತ್ತು ಮೇಲೆ ಸುತ್ತಿ, ತೆರವಾಗದಿದ್ದರೆ ಬೆಂಗಳೂರು, ಕೊಚ್ಚಿ, ಕೋಯಿಕ್ಕೋಡ್ ಅಥವಾ ಕಣ್ಣೂರಿಗೆ ಹೋಗುತ್ತಾರೆ. ಸಾಮಾನ್ಯವಾಗಿ ಅಲ್ಲಿ ಇಂಧನ ತುಂಬಿಸಿ ಹವಾಮಾನ ನೋಡಿಕೊಂಡು ವಾಪಸ್ ಬರುತ್ತದೆ, ಮೂರರಿಂದ ಐದು ಗಂಟೆ ಹೋಗುತ್ತದೆ. ಪೈಲಟ್‌ಗಳ ಕೆಲಸದ ಅವಧಿ ಮುಗಿದರೆ ಇನ್ನೂ ಹೆಚ್ಚು. ಅದೇ ವಿಮಾನ ಬಂದು ತಿರುಗಿ ಹೋಗಬೇಕಾಗಿರುವುದರಿಂದ ಇಲ್ಲಿಂದ ಹೊರಡುವವರಿಗೂ ಅಷ್ಟೇ ತಡ. ಮನೆ ಬಿಡುವ ಮೊದಲು ನಿಮ್ಮ ವಿಮಾನದ ಜೊತೆಗೆ ಅಲ್ಲಿಂದ ಬರುವ ವಿಮಾನ ಹೊರಟಿದೆಯೇ ಎಂದೂ ನೋಡಿ.

ದುಬೈ ಕಡೆ ತೊಂದರೆ ಕೊಡುವುದು ಚಳಿಗಾಲದ ಬೆಳಗಿನ ಮಂಜು.

ಪಾಕಿಸ್ತಾನದ ವಾಯುಪ್ರದೇಶ ಮುಚ್ಚಿದರೆ ನಮಗೆ ಸುತ್ತಾಗುತ್ತದೆಯೇ?

ಇಲ್ಲ. 2025ರ ಏಪ್ರಿಲ್‌ನಲ್ಲಿ ಹಾಗಾದಾಗ ಸುತ್ತು ಬಿದ್ದದ್ದು ದೆಹಲಿ, ಅಮೃತಸರದಂಥ ಉತ್ತರದ ಊರುಗಳಿಗೆ. ಮಂಗಳೂರಿನ ದಾರಿ ಕರಾವಳಿ ಬಿಟ್ಟ ಕೂಡಲೇ ಸಮುದ್ರದ ಮೇಲೆ, ಕೊನೆಗೆ ಒಮಾನ್ ದಾಟಿ ದುಬೈ. ನಮಗೆ ಬಿಸಿ ತಟ್ಟುವುದು ಕೊಲ್ಲಿಯ ಆಕಾಶವೇ ಮುಚ್ಚಿದಾಗ. 2025ರ ಜೂನ್ ಕೊನೆಯಲ್ಲಿ ಕೆಲವು ಗಂಟೆ ಹಾಗಾಯಿತು.

ವಿಮಾನ ತಡವಾದರೆ ಏನು ಕೇಳಬಹುದು?

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮದಲ್ಲಿ ಹಾರಾಟದ ಅವಧಿಯೇ ಅಳತೆಗೋಲು. ಎರಡೂವರೆಯಿಂದ ಐದು ಗಂಟೆಯ ಹಾರಾಟಕ್ಕೆ, ದುಬೈ ಇದರಲ್ಲೇ ಬರುತ್ತದೆ, ತಡ ಮೂರು ಗಂಟೆ ಮುಟ್ಟಿದರೆ ಊಟ-ತಿಂಡಿ ಕೊಡಬೇಕು. ರಾತ್ರಿ 8ರಿಂದ 3ರ ನಡುವೆ ಹೊರಡಬೇಕಾದ ವಿಮಾನ ಆರು ಗಂಟೆಗಿಂತ ಹೆಚ್ಚು ತಡವಾದರೆ ಹೋಟೆಲ್ ಕೊಡಬೇಕು. ನಮ್ಮ ಗಲ್ಫ್ ವಿಮಾನಗಳಲ್ಲಿ ರಾತ್ರಿಯವು ಬಹಳ ಇರುವುದರಿಂದ ಈ ಸಾಲು ನೆನಪಿಟ್ಟುಕೊಳ್ಳಬೇಕಾದದ್ದು. ಕೌಂಟರಿನಲ್ಲಿ ಕೇಳಿದವರಿಗೆ ಸಿಗುತ್ತದೆ, ಸುಮ್ಮನೆ ಕೂತವರಿಗೆ ಸಿಗುವುದು ಕಡಿಮೆ.

ಮನೆಯಿಂದ ಏನೆಲ್ಲ ಒಯ್ಯಬಹುದು?

ತೂಕದ ಮಿತಿ ಟಿಕೆಟ್‌ನ ಬಗೆಯ ಮೇಲೆ ಹೋಗುತ್ತದೆ. ಕೈಚೀಲಕ್ಕೆ ಸಾಮಾನ್ಯವಾಗಿ 7 ಕೆ.ಜಿ. ಮನೆಯಲ್ಲೇ ತೂಗಿ, ಒಂದು ಕೆ.ಜಿ. ಕಮ್ಮಿಯೇ ಇರಲಿ. ಮನೆಯ ತಕ್ಕಡಿಗೂ ಕೌಂಟರಿನದಕ್ಕೂ ಅಷ್ಟು ವ್ಯತ್ಯಾಸ ಬರುತ್ತದೆ.

ಉಪ್ಪಿನಕಾಯಿ, ತುಪ್ಪ, ತೆಂಗಿನೆಣ್ಣೆ ಎಲ್ಲ ದೊಡ್ಡ ಬ್ಯಾಗಿಗೆ. ಕೈಚೀಲದಲ್ಲಿ ದ್ರವ 100 ಮಿ.ಲೀ. ಮೀರಿದರೆ ತಪಾಸಣೆಯಲ್ಲಿ ಬಿಟ್ಟುಹೋಗಬೇಕಾಗುತ್ತದೆ. ಡಬ್ಬಿಯ ಬಾಯಿಗೆ ಮೊದಲು ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಳ ತಿರುಗಿಸಿ, ಮೇಲೆ ಟೇಪ್ ಸುತ್ತಿ, ಪ್ರತಿ ಡಬ್ಬಿಯನ್ನೂ ಬೇರೆ ಬೇರೆ ಚೀಲಕ್ಕೆ ಹಾಕಿ. ಡಬ್ಬಿಯನ್ನು ಕಂಠಪೂರ್ತಿ ತುಂಬಿಸಬೇಡಿ. ಮೇಲೆ ಹೋದಾಗ ಒತ್ತಡ ಇಳಿದು ಒಳಗಿನ ಗಾಳಿ ಹಿಗ್ಗುತ್ತದೆ, ಎಣ್ಣೆ ಸಂದಿಯಿಂದ ಹೊರಗೆ ಬರುತ್ತದೆ.

ಕೊಬ್ಬರಿ ಬೇಡ. ಒಣಕೊಬ್ಬರಿಯಲ್ಲಿ ಎಣ್ಣೆ ಹೆಚ್ಚು, ತಾನಾಗಿ ಬಿಸಿಯೇರಿ ಬೆಂಕಿ ಹಿಡಿಯಬಲ್ಲ ವಸ್ತುಗಳ ಪಟ್ಟಿಯಲ್ಲಿದೆ. ಎಕ್ಸ್‌ರೇಯಲ್ಲಿ ಕಂಡರೆ ಬ್ಯಾಗ್ ಬಿಚ್ಚಿಸುತ್ತಾರೆ.

ಗಸಗಸೆ ಖಂಡಿತ ಬೇಡ. ದುಬೈ ಕಾನೂನಿನಲ್ಲಿ ಅದು ಮಾದಕವಸ್ತುವಿನ ಸಾಲಿನಲ್ಲಿದೆ. ಮನೆಯಲ್ಲಿ ಮಾಡಿದ ಮಸಾಲೆಪುಡಿಗೆ ಗಸಗಸೆ ಹಾಕಿದ್ದರೆ ಅದನ್ನೂ ಬಿಟ್ಟುಹೋಗಿ. ವೀಳ್ಯದೆಲೆ, ಪಾನ್, ಗುಟ್ಕಾ ಕೂಡ ಅಲ್ಲಿಗೆ ನಿಷಿದ್ಧ. ಮದುವೆ, ಪೂಜೆಗೆಂದು ಎಲೆ ಕಟ್ಟಿಕೊಡುವ ಅಜ್ಜಿಯಂದಿರಿಗೆ ಇದನ್ನು ಮೊದಲೇ ಹೇಳಿಡಿ. ಕೊಡೀನ್, ಟ್ರಮಡಾಲ್ ಇರುವ ಮಾತ್ರೆ, ಸಿರಪ್‌ಗಳಿಗೆ ಅಲ್ಲಿನ ಆರೋಗ್ಯ ಇಲಾಖೆಯ ಅನುಮತಿಯನ್ನು ಮೊದಲೇ ಪಡೆಯಬೇಕು. ನಿತ್ಯದ ಔಷಧಕ್ಕೂ ವೈದ್ಯರ ಚೀಟಿ ಜೊತೆಗಿರಲಿ.

ಪವರ್ ಬ್ಯಾಂಕ್ ಕೈಚೀಲದಲ್ಲಿ ಮಾತ್ರ. 100 ವ್ಯಾಟ್-ಅವರ್ ಮಿತಿ. 20,000 ಎಂಎಎಚ್‌ನದ್ದು 74 ವ್ಯಾಟ್-ಅವರ್ ಆಗುತ್ತದೆ, ತೊಂದರೆ ಇಲ್ಲ.

ಕಾಗದಪತ್ರದಲ್ಲಿ ಎಲ್ಲಿ ಎಡವುತ್ತಾರೆ?

ಪಾಸ್‌ಪೋರ್ಟ್‌ಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು. ವೀಸಾದಲ್ಲಿರುವ ಹೆಸರು, ಪಾಸ್‌ಪೋರ್ಟ್ ಸಂಖ್ಯೆ ಅಕ್ಷರಕ್ಕಕ್ಷರ ಹೊಂದಬೇಕು. ಹತ್ತನೇ ತರಗತಿ ದಾಟದವರ ಪಾಸ್‌ಪೋರ್ಟ್‌ನಲ್ಲಿ ಇಸಿಆರ್ (ವಲಸೆ ತಪಾಸಣೆ ಅಗತ್ಯ) ಎಂದಿದ್ದರೆ, ಅವರು ಕೆಲಸದ ವೀಸಾದಲ್ಲಿ ಹೋಗುವುದಾದರೆ ಸರ್ಕಾರದ ಇ-ಮೈಗ್ರೇಟ್ ಜಾಲತಾಣದ ಮೂಲಕ ವಲಸೆ ಅನುಮತಿ ಆಗಿರಲೇಬೇಕು. ಇಲ್ಲದಿದ್ದರೆ ಬಜಪೆಯ ಇಮಿಗ್ರೇಷನ್‌ನಲ್ಲೇ ವಾಪಸ್ ಕಳಿಸುತ್ತಾರೆ.

ರಂಜಾನ್ ಉಪವಾಸದಲ್ಲಿ ಹಾರುವಾಗ ಇಫ್ತಾರ್ ವೇಳೆ ಯಾವುದು?

ಪಶ್ಚಿಮಕ್ಕೆ ಹೋಗುವಾಗ ಸೂರ್ಯನ ಹಿಂದೆಯೇ ಓಡಿದಂತೆ, ಹಗಲು ಉದ್ದವಾಗುತ್ತದೆ. ಮಂಗಳೂರಿಗೂ ದುಬೈಗೂ ರೇಖಾಂಶದಲ್ಲಿ ಹತ್ತೊಂಬತ್ತೂವರೆ ಡಿಗ್ರಿ ಅಂತರ. ಸೂರ್ಯನ ಲೆಕ್ಕದಲ್ಲಿ 78 ನಿಮಿಷ. ಗಡಿಯಾರದ ವ್ಯತ್ಯಾಸ 90 ನಿಮಿಷ ಇರುವುದರಿಂದ ಎರಡೂ ಊರಿನ ವೇಳಾಪಟ್ಟಿ ಸರಿಯಾಗಿ ತಾಳೆಯಾಗುವುದಿಲ್ಲ. ಜೊತೆಗೆ 11 ಕಿ.ಮೀ. ಎತ್ತರದಲ್ಲಿ ದಿಗಂತ ಕೆಳಗಿರುವುದರಿಂದ ನೆಲದಲ್ಲಿ ಮುಳುಗಿದ ಸೂರ್ಯ ಅಲ್ಲಿ ಇನ್ನೂ ಹತ್ತು-ಹದಿನೈದು ನಿಮಿಷ ಕಾಣುತ್ತದೆ. ಊರಿನ ಪಟ್ಟಿ ಬಿಟ್ಟು ಕಿಟಕಿ ನೋಡುವುದು ರೂಢಿ. ಸಂದೇಹ ಇರುವವರು ಹೊರಡುವ ಮೊದಲೇ ತಮ್ಮ ಉಸ್ತಾದರನ್ನು ಕೇಳಿಕೊಳ್ಳುವುದು ಒಳ್ಳೆಯದು. ಪೂರ್ವಕ್ಕೆ ಬರುವಾಗ ಇದೆಲ್ಲ ತಿರುಗುಮುರುಗು, ಬೇಗ ಕತ್ತಲಾಗುತ್ತದೆ.

ದುಬೈಯಲ್ಲಿ ಇಳಿದ ಮೇಲೆ ಮೆಟ್ರೊ ಸಿಗುತ್ತದೆಯೇ?

ಟರ್ಮಿನಲ್ 1 ಮತ್ತು 3ರಲ್ಲಿ ಕೆಂಪು ಮಾರ್ಗದ ನಿಲ್ದಾಣವಿದೆ. ಟರ್ಮಿನಲ್ 2 ರನ್‌ವೇಯ ಆಚೆ ಬದಿಗೆ, ಅಲ್ಲಿ ಮೆಟ್ರೊ ಇಲ್ಲ, ಟ್ಯಾಕ್ಸಿ ಅಥವಾ ಬಸ್. ಟಿಕೆಟ್‌ನಲ್ಲಿ ಟರ್ಮಿನಲ್ ನೋಡಿ, ಕರೆದೊಯ್ಯಲು ಬರುವವರಿಗೆ ಅದನ್ನೇ ಹೇಳಿ. ಟರ್ಮಿನಲ್ 1ರ ಮುಂದೆ ಒಬ್ಬರು, 2ರ ಮುಂದೆ ಇನ್ನೊಬ್ಬರು ನಿಂತು ಫೋನಿನಲ್ಲಿ ಹುಡುಕುವುದು ಪ್ರತಿದಿನದ ಕಥೆ. ನಡುರಾತ್ರಿ ದಾಟಿದ ಮೇಲೆ ಸಾಮಾನ್ಯ ದಿನಗಳಲ್ಲಿ ಮೆಟ್ರೊ ಓಡುವುದಿಲ್ಲ. ಓಡುವ ಹೊತ್ತಿನಲ್ಲೂ ಒಬ್ಬರಿಗೆ ಒಂದು ದೊಡ್ಡ ಸೂಟ್‌ಕೇಸ್, ಒಂದು ಸಣ್ಣದು ಮಾತ್ರ. ಹಗ್ಗ ಬಿಗಿದ ಪೆಟ್ಟಿಗೆ ಇದ್ದರೆ ಟ್ಯಾಕ್ಸಿಯೇ ಸರಿ.

ಯಾವ ಬದಿಯ ಕಿಟಕಿ?

ಹಗಲಲ್ಲಿ ಹೋಗುವುದಾದರೆ ಬಲಬದಿ. ಹಿಂದೆ ಸರಿಯುವ ಕರಾವಳಿ ಆ ಕಡೆ, ಮಧ್ಯಾಹ್ನದ ಬಿಸಿಲು ಎಡಗಡೆ. ರಾತ್ರಿಯಾದರೆ, ಟ್ರೋಲಿಂಗ್ ನಿಷೇಧದ ಜೂನ್–ಜುಲೈ ಬಿಟ್ಟು, ಮೊದಲ ಹತ್ತು ನಿಮಿಷ ಕೆಳಗೆ ಮೀನುಗಾರಿಕೆ ದೋಣಿಗಳ ದೀಪ. ಆಮೇಲೆ ಎರಡು ಗಂಟೆಗೂ ಹೆಚ್ಚು ಏನೂ ಇಲ್ಲ, ನಿದ್ದೆ ಮಾಡಬಹುದು.

ಸಮುದ್ರದಲ್ಲಿ, ರಸ್ತೆಯಲ್ಲಿ?

ಪ್ರಯಾಣಿಕರ ಹಡಗು ಇಲ್ಲ. ಹಳೆ ಬಂದರಿನ ಮಂಜಿಗಳು, ಅಂದರೆ ಮರದ ಸಣ್ಣ ಹಡಗುಗಳು, ಸರಕು ಹೊತ್ತು ಹೋಗುವುದು ಲಕ್ಷದ್ವೀಪಕ್ಕೆ. ರಸ್ತೆಯಲ್ಲಾದರೆ ಪಾಕಿಸ್ತಾನ, ಇರಾನ್ ದಾಟಿ ಮತ್ತೆ ಹಡಗು ಹಿಡಿಯಬೇಕು, ಆಗುವ ಕೆಲಸವಲ್ಲ.

ಊರಿಗೆ ಬರುವವರನ್ನು ಕರೆತರಲು ಮನೆಯವರು ಎಷ್ಟು ಹೊತ್ತಿಗೆ ಬಜಪೆಗೆ ಬರಬೇಕು?

ವಿಮಾನ ಇಳಿದ 45 ನಿಮಿಷದಿಂದ ಒಂದೂಕಾಲು ಗಂಟೆಗೆ ಪ್ರಯಾಣಿಕರು ಹೊರಗೆ ಬರುತ್ತಾರೆ. ಇಮಿಗ್ರೇಷನ್, ಬ್ಯಾಗ್, ಕಸ್ಟಮ್ಸ್ ಈ ಮೂರರಲ್ಲಿ ಹೆಚ್ಚು ಹೊತ್ತು ಹಿಡಿಯುವುದು ಬ್ಯಾಗ್. ವಿಮಾನದ ಜಾಡು ತೋರಿಸುವ ಆ್ಯಪ್‌ನಲ್ಲಿ ದುಬೈಯಿಂದ ನೆಲ ಬಿಟ್ಟ ವೇಳೆ ನೋಡಿ. ಅದು ದುಬೈ ಗಡಿಯಾರದಲ್ಲಿದ್ದರೆ ಒಂದೂವರೆ ಗಂಟೆ ಕೂಡಿಸಿ, ಮೇಲೆ ಮೂರು ಗಂಟೆ ಸೇರಿಸಿದರೆ ಇಲ್ಲಿ ಇಳಿಯುವ ವೇಳೆ ಸಿಗುತ್ತದೆ. ಉಡುಪಿಯಿಂದ ಹೊರಡುವವರು ವಿಮಾನ ಅಲ್ಲಿ ಮೇಲೇರಿದ್ದನ್ನು ನೋಡಿ, ಊಟ ಮುಗಿಸಿಕೊಂಡು, ಎರಡು ಗಂಟೆ ಬಿಟ್ಟು ಕಾರು ತೆಗೆದರೂ ಸಾಕು. ಮಳೆಗಾಲವಾದರೆ ಒಂದೂವರೆ ಗಂಟೆಗೇ ಹೊರಡಿ, ಮತ್ತು ಮೂಲ್ಕಿ ಹತ್ತಿರ ಒಮ್ಮೆ ನಿಂತು ವಿಮಾನ ಬಜಪೆ ಕಡೆಗೇ ಬರುತ್ತಿದೆಯೋ, ಕೊಚ್ಚಿಗೆ ತಿರುಗಿತೋ ಎಂದು ನೋಡಿಕೊಂಡು ಮುಂದೆ ಹೋಗಿ.